ಡ್ಯಾಗರ್‌ಹಾರ್ಟ್: ಬಿಡುಗಡೆಗೆ ಮುಂಚಿನ ಜಗಳಗಳಲ್ಲಿ ಯಾರ ಮಾತು ನಿಜವಾಯಿತು?

ಮೊದಲೇ ಹೇಳಿಬಿಡುತ್ತೇನೆ, ಡ್ಯಾಗರ್‌ಹಾರ್ಟ್ ನನಗೆ ತುಂಬಾ ಇಷ್ಟವಾದ ಆಟ, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಅದು ಇಷ್ಟು ಚೆನ್ನಾಗಿ ಬಂದಿದ್ದರಲ್ಲಿ, ಬಿಡುಗಡೆಗೆ ಮುಂಚೆ ಪಟ್ಟು ಹಿಡಿದು ವಾದ ಮಾಡಿದ ಅಭಿಮಾನಿಗಳ ಪಾಲು ದೊಡ್ಡದಿದೆ ಅಂತ ನಾನು ನಂಬುತ್ತೇನೆ. 2024ರ ಮಾರ್ಚ್‌ನಲ್ಲಿ ಡ್ಯಾರಿಂಗ್ಟನ್ ಪ್ರೆಸ್ ಇದರ ಓಪನ್ ಬೀಟಾ, ಅಂದರೆ ಜನ ಆಡಿ ಅಭಿಪ್ರಾಯ ಹೇಳಲಿ ಅಂತ ಕೊಡುವ ಪ್ರಯೋಗದ ಆವೃತ್ತಿ, ಬಿಟ್ಟಿತು. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು ಆಡಬಹುದಿತ್ತು. ಅಂತಿಮ ನಿಯಮಗಳ ಪುಸ್ತಕ ಹೊರಬಂದಿದ್ದು 2025ರ ಮೇ 20ಕ್ಕೆ. ನಡುವೆ ಒಂದು ವರ್ಷಕ್ಕೂ ಜಾಸ್ತಿ ಸಮಯ ಸಿಕ್ಕಿತು, ಆ ಸಮಯದಲ್ಲಿ ಬಂದ ಹೊಗಳಿಕೆ ಎಷ್ಟೋ, ಬೈಗುಳವೂ ಅಷ್ಟೇ.

ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ಡ್ಯಾರಿಂಗ್ಟನ್ ಪ್ರೆಸ್ ಅಂದರೆ ಕ್ರಿಟಿಕಲ್ ರೋಲ್ ತಂಡದ್ದೇ ಪ್ರಕಾಶನ ಸಂಸ್ಥೆ. ಈ ತಂಡದ ಡಬ್ಬಿಂಗ್ ಕಲಾವಿದರು 2015ರಿಂದ ಕ್ಯಾಮೆರಾ ಮುಂದೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನುವ, ಇದೇ ಬಗೆಯ ಹೆಸರಾಂತ ಆಟ ಆಡುತ್ತಾ ಬಂದವರು. 2023ರ ಜನವರಿಯಲ್ಲಿ, ಡಿ ಅಂಡ್ ಡಿ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುವ ಲೈಸೆನ್ಸ್ ಬದಲಾಯಿಸುವ ಕರಡು ಹೊರಬಿದ್ದು ದೊಡ್ಡ ಗಲಾಟೆಯಾಯಿತು, ಡಿ ಅಂಡ್ ಡಿ ಹೊರತರುವ ಕಂಪನಿ ಅದೇ ತಿಂಗಳಲ್ಲಿ ಹಿಂದೆ ಸರಿಯಿತು. ಆದರೆ ಜನರ ನಂಬಿಕೆ ಅಷ್ಟರಲ್ಲಿ ಹೋಗಿತ್ತು. ಹಾಗಾಗಿ ಡ್ಯಾಗರ್‌ಹಾರ್ಟ್ ಸುದ್ದಿ ಬಂದಾಗ ಒಂದು ಗುಂಪು ಇದೇ ಡಿ ಅಂಡ್ ಡಿಗೆ ಸೆಡ್ಡು ಹೊಡೆಯುವ ಆಟ ಅಂತ ಕುಣಿಯಿತು. ಇನ್ನೊಂದು ಗುಂಪು, ಇದು ಬರೀ ತಂಡದ ಹೆಸರಿನ ಮೇಲೆ ಮಾರಾಟವಾಗುವ ಸರಕು ಅಂದಿತು. ಎರಡೂ ಗುಂಪು ಆಟದ ಬಗ್ಗೆ ಮಾತಾಡಲೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಕೂತು ಆಡಿದವರ ಮಾತೇ ಬೇರೆ ಇತ್ತು.

ಆಡಿದವರಿಗೆ ಮೊದಲು ಹಿಡಿಸಿದ್ದು ದಾಳ. ಇಲ್ಲಿ ಡಿ ಅಂಡ್ ಡಿಯ 20 ಮುಖದ ಒಂದು ದಾಳದ ಬದಲು 12 ಮುಖದ ಎರಡು ದಾಳ, ಬೇರೆ ಬೇರೆ ಬಣ್ಣದವು. ಒಂದು ಹೋಪ್ (ಭರವಸೆ), ಇನ್ನೊಂದು ಫಿಯರ್ (ಭಯ). ಎರಡನ್ನೂ ಕೂಡಿಸಬೇಕು, ಜೊತೆಗೆ ಯಾವುದು ದೊಡ್ಡದು ಅಂತಲೂ ನೋಡಬೇಕು. ನಿಮ್ಮ ಪಾತ್ರ ಕೋಟೆ ಗೋಡೆ ಹತ್ತುತ್ತಿದೆ ಅಂದುಕೊಳ್ಳಿ, ಬೇಕಾದ ಸಂಖ್ಯೆ 14. ಹೋಪ್ 4 ಬಿತ್ತು, ಫಿಯರ್ 9 ಬಿತ್ತು, ಪಾತ್ರದ ಚುರುಕುತನಕ್ಕೆ ಸಿಗುವ 2 ಸೇರಿ 15. ಗೋಡೆ ಹತ್ತಿದಿರಿ! ಆದರೆ ಫಿಯರ್ ದೊಡ್ಡದಲ್ವಾ, ಆಟ ನಡೆಸುವ ಜಿಎಂ ಕೈಗೆ ಒಂದು ಫಿಯರ್ ಟೋಕನ್ ಹೋಯಿತು. ಮೇಲೆ ಕಾಲಿಡುವ ಹೊತ್ತಿಗೆ ಕಾವಲುಗಾರ ದೀಪ ಹಿಡಿದು ಇತ್ತ ತಿರುಗಿದ. ಗೆದ್ದರೂ ಎದೆ ಢವಢವ. ಹೋಪ್ ದೊಡ್ಡದಾಗಿದ್ದರೆ ನಿಮಗೇ ಒಂದು ಹೋಪ್ ಸಿಗುತ್ತಿತ್ತು, ಅದನ್ನು ಮುಂದೆ ಗೆಳೆಯನಿಗೆ ಸಹಾಯ ಮಾಡಲು ಖರ್ಚು ಮಾಡಬಹುದು.

ಇದರ ಲೆಕ್ಕವೂ ಚೆಂದ. ಒಟ್ಟು 144 ಜೋಡಿ ಬೀಳಬಹುದು. ಅದರಲ್ಲಿ 66 ಹೋಪ್ ಕಡೆ, 66 ಫಿಯರ್ ಕಡೆ. ಉಳಿದ 12ರಲ್ಲಿ ಎರಡೂ ದಾಳ ಒಂದೇ ಸಂಖ್ಯೆ, ಅದು ಕ್ರಿಟಿಕಲ್. ಅಂದರೆ 12ರಲ್ಲಿ ಒಂದು ಸಲ ಭರ್ಜರಿ ಗೆಲುವು, ಡಿ ಅಂಡ್ ಡಿಯಲ್ಲಿ ಅದು 20ರಲ್ಲಿ ಒಂದು. ಎರಡೂ ದಾಳದಲ್ಲಿ 1 ಬಿದ್ದರೂ ಇಲ್ಲಿ ಗೆಲುವೇ, ಮೇಜಿನ ಸುತ್ತ ಎಲ್ಲರೂ ಕೂಗಿಕೊಳ್ಳುವ ಕ್ಷಣ ಅದು.

ಆದರೆ ಜಿಎಂಗಳ ತಕರಾರು ಒಂದಿತ್ತು: ಪ್ರತಿ ಸಲ ದಾಳ ಬಿದ್ದಾಗಲೂ ಏನೋ ಒಂದು ಹೊಸದು ಹುಟ್ಟಿಸಬೇಕು, ತಲೆ ಸುಸ್ತಾಗುತ್ತದೆ. ಈ ಮಾತು ನಿಜ. ಡಿ ಅಂಡ್ ಡಿ ಅಭ್ಯಾಸದಲ್ಲಿ ಬಾಗಿಲು ತಟ್ಟುವುದಕ್ಕೂ ದಾಳ ಹಾಕಿಸಿದರೆ ಎರಡನೇ ಗಂಟೆಗೆ ಜಿಎಂ ಬಸವಳಿದಿರುತ್ತಾರೆ. ಮುಖ್ಯವಾದ ಕಡೆ ಮಾತ್ರ ಹಾಕಿಸಿ, ಆಗ ಸರಿಹೋಗುತ್ತದೆ.

ದೊಡ್ಡ ಜಗಳ ನಡೆದಿದ್ದು ಸರದಿ ಬಗ್ಗೆ. ಡ್ಯಾಗರ್‌ಹಾರ್ಟ್ ಕಾಳಗದಲ್ಲಿ ಸರದಿ ಇಲ್ಲ. ಯಾರಿಗೆ ಕಥೆ ಕರೆಯುತ್ತದೋ ಅವರು ಮುಂದೆ ಬರುತ್ತಾರೆ. ಜೋರು ದನಿಯವರು ಮೇಜನ್ನೇ ಆಳುತ್ತಾರೆ, ಸಂಕೋಚದವರು ಸುಮ್ನೆ ಕೂತುಬಿಡುತ್ತಾರೆ ಅಂತ ತುಂಬಾ ಜನ ಹೆದರಿದ್ದರು. ಬೀಟಾದಲ್ಲಿ ಇದರ ಜೊತೆ ಆಕ್ಷನ್ ಟ್ರ್ಯಾಕರ್ ಅಂತ ಒಂದಿತ್ತು. ಆಟಗಾರ ದಾಳ ಹಾಕಿದಾಗಲೆಲ್ಲ ಅದರ ಮೇಲೆ ಒಂದು ಟೋಕನ್ ಇಡಬೇಕು, ಆ ಟೋಕನ್ ಬಳಸಿಯೇ ಜಿಎಂ ಶತ್ರುಗಳನ್ನು ಓಡಾಡಿಸುತ್ತಾರೆ. ಇದರ ಪರಿಣಾಮ ನೋಡಿ. ಮಾಂತ್ರಿಕ ಸಣ್ಣದೊಂದು ಕೆಲಸಕ್ಕೆ ಕೈ ಹಾಕಿದರೂ ಶತ್ರುವಿಗೆ ಒಂದು ಅವಕಾಶ ಕೊಟ್ಟಂತೆ. ಹಾಗಾಗಿ ಜೋರಾಗಿ ಹೊಡೆಯುವವನೇ ಹೊಡೆಯಲಿ, ಉಳಿದವರು ಸುಮ್ಮನಿರೋದೇ ತಂಡಕ್ಕೆ ಒಳ್ಳೆಯದು ಅನ್ನೋ ಲೆಕ್ಕ ಬಂತು. ಗುಂಪಾಗಿ ಆಡುವ ಆಟದಲ್ಲಿ ಇದಕ್ಕಿಂತ ಕೆಟ್ಟ ಪಾಠ ಇಲ್ಲ. ಅಭಿಮಾನಿಗಳು ಇದನ್ನು ಬಿಡದೆ ಎತ್ತಿ ತೋರಿಸಿದರು.

ತಂಡ ಕೇಳಿಸಿಕೊಂಡಿತು, ಅಂತಿಮ ಪುಸ್ತಕದಲ್ಲಿ ಆ ಟ್ರ್ಯಾಕರ್ ಇಲ್ಲ. ಈಗ ಆಟಗಾರ ಸೋತರೆ ಅಥವಾ ಫಿಯರ್ ದೊಡ್ಡದಾಗಿ ಬಿದ್ದರೆ ಆಟ ಜಿಎಂ ಕೈಗೆ ಹೋಗುತ್ತದೆ. ಒಬ್ಬ ಶತ್ರುವನ್ನು ಟೋಕನ್ ಖರ್ಚಿಲ್ಲದೆ ಮುಂದೆ ತರಬಹುದು, ಇನ್ನೊಬ್ಬ ಬೇಕಾದರೆ ಫಿಯರ್ ಟೋಕನ್ ಕೊಡಬೇಕು. ಎಷ್ಟು ಸರಳ! ಸರದಿ ಬೇಕೇ ಬೇಕು ಅನ್ನುವ ಗುಂಪಿಗೆ, ಪ್ರತಿಯೊಬ್ಬರಿಗೂ ಇಷ್ಟೇ ಅಂತ ಟೋಕನ್ ಹಂಚಿ ಆಡುವ ಐಚ್ಛಿಕ ನಿಯಮವನ್ನೂ ಕೊಟ್ಟಿದ್ದಾರೆ. ಹೊಸಬರಿದ್ದರೆ ಅದನ್ನು ತಪ್ಪದೆ ಬಳಸಿ. ಹಳೆಯ ಗೆಳೆಯರ ಗುಂಪಿಗೆ ಅದು ಬೇಕಾಗುವುದಿಲ್ಲ, ಮನೆಯವರೆಲ್ಲ ಊಟಕ್ಕೆ ಕೂತಾಗ ಮಾತು ಹೇಗೆ ಒಬ್ಬರಿಂದ ಒಬ್ಬರಿಗೆ ಹೋಗುತ್ತದೋ ಹಾಗೆ ಆಟವೂ ಹೋಗುತ್ತದೆ. ಆದರೂ ಸಂಕೋಚದವರ ಬಗ್ಗೆ ಇದ್ದ ಆ ಭಯ ಪೂರ್ತಿ ಸುಳ್ಳಲ್ಲ. ಜಿಎಂ ಆಗಿರುವವರು ಸುಮ್ಮನಿರುವವರ ಹೆಸರು ಹಿಡಿದು "ನೀವೇನು ಮಾಡ್ತೀರಿ?" ಅಂತ ಕೇಳುತ್ತಲೇ ಇರಬೇಕು.

ಪೆಟ್ಟಿನ ಲೆಕ್ಕದ ಮೇಲೂ ಗೊಣಗಾಟ ಇತ್ತು, ಅದೂ ನ್ಯಾಯವಾದದ್ದೇ. ಬೀಟಾದಲ್ಲಿ ಬಿದ್ದ ಪೆಟ್ಟಿನಿಂದ ಕವಚದ ಅಂಕ ಕಳೆದು, ಉಳಿದದ್ದು ಯಾವ ಮಟ್ಟಕ್ಕೆ ಬರುತ್ತದೆ ಅಂತ ಹುಡುಕಬೇಕಿತ್ತು. ಕಾಳಗದ ಮಧ್ಯೆ ಕಳೆಯುವ ಲೆಕ್ಕ ಯಾರಿಗೆ ಬೇಕು? ಈಗ ಚರ್ಮದ ಕವಚ ತೊಟ್ಟ ಮೊದಲ ಹಂತದ ಪಾತ್ರಕ್ಕೆ ಪೆಟ್ಟಿನ ಮಿತಿಗಳು 7 ಮತ್ತು 14. ಪೆಟ್ಟು 11 ಬಿತ್ತು ಅಂದರೆ ನಡುವಿನದು, 2 ಹಿಟ್ ಪಾಯಿಂಟ್ (ಪಾತ್ರದ ಪ್ರಾಣದ ಅಂಕ) ಹೋಗಬೇಕು. ಕವಚದ ಒಂದು ಚೌಕಕ್ಕೆ ಗುರುತು ಹಾಕಿದರೆ ಒಂದು ಮಟ್ಟ ಇಳಿದು 1 ಮಾತ್ರ ಹೋಗುತ್ತದೆ. ಮುಗಿಯಿತು.

ಪಾತ್ರದ ಶಕ್ತಿಗಳನ್ನು ಬರೆದಿರುವ ಕಾರ್ಡ್‌ಗಳ ಬಗ್ಗೆ ಬೀಟಾ ಕಾಲದಲ್ಲಿ ಇದ್ದ ಅನುಮಾನ ನನಗೆ ಅರ್ಥವೇ ಆಗಲಿಲ್ಲ. ಶಕ್ತಿಗಳೆಲ್ಲ ಕಾರ್ಡ್ ಮೇಲೆ ಇರುವುದರಿಂದ ಹೊಸಬರು ಪುಸ್ತಕ ತಿರುವಿಹಾಕುವ ಗೋಳು ತಪ್ಪುತ್ತದೆ. ಚಿನ್ನವನ್ನು ನಾಣ್ಯದಲ್ಲಿ ಎಣಿಸದೆ ಹಿಡಿ, ಚೀಲ, ಪೆಟ್ಟಿಗೆ ಅಂತ ಎಣಿಸುವುದಂತೂ ನನಗೆ ಬಹಳ ಹಿಡಿಸಿತು.

ಬಿಡುಗಡೆಗೆ ಮುಂಚೆ ಎಲ್ಲರೂ ಕೇಳುತ್ತಿದ್ದ ಇನ್ನೊಂದು ಪ್ರಶ್ನೆ, ಕ್ರಿಟಿಕಲ್ ರೋಲ್‌ನ ನಾಲ್ಕನೇ ಕ್ಯಾಂಪೇನ್, ಅಂದರೆ ಅವರ ಶೋನ ಮುಂದಿನ ಉದ್ದದ ಕಥೆ, ಇದರಲ್ಲೇ ನಡೆಯುತ್ತದಾ ಅಂತ. ನಡೆಯಲಿಲ್ಲ, 2025ರ ಅಕ್ಟೋಬರ್‌ನಲ್ಲಿ ಶುರುವಾದ ಅದು ಡಿ ಅಂಡ್ ಡಿಯಲ್ಲೇ ಇದೆ. ಕೆಲವರಿಗೆ ಇದರಿಂದ ಬೇಜಾರಾಯಿತು. ನನಗೆ ಆಗಲಿಲ್ಲ, ಯಾಕಂದರೆ ಈ ಆಟಕ್ಕೆ ಯಾರ ಶೋ ಆಸರೆಯೂ ಬೇಕಿಲ್ಲ. ಏಜ್ ಆಫ್ ಅಂಬ್ರಾ ಅನ್ನುವ ಚಿಕ್ಕ ಸರಣಿಯನ್ನು ಅವರು ಡ್ಯಾಗರ್‌ಹಾರ್ಟ್‌ನಲ್ಲೇ ಆಡಿದ್ದಾರೆ, ಆಟ ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ನೋಡಬೇಕಾದವರು ಅದನ್ನು ನೋಡಿ.

ಪುಸ್ತಕ ಮತ್ತು ಕಾರ್ಡ್ ಸೇರಿದ ಪೆಟ್ಟಿಗೆ ಹೊರದೇಶದಿಂದ ತರಿಸಿಕೊಂಡರೆ ಸಾಗಣೆ, ತೆರಿಗೆ ಸೇರಿ ದುಬಾರಿಯೇ. ಮೊದಲೇ ದುಡ್ಡು ಹಾಕಬೇಡಿ. ಮೂಲ ನಿಯಮಗಳಿರುವ ಎಸ್‌ಆರ್‌ಡಿ ಅನ್ನುವ ಕಡತ ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಂಡು, ಎರಡು ಬಣ್ಣದ 12 ಮುಖದ ದಾಳ ಹುಡುಕಿ, ನಾಲ್ಕು ಜನರನ್ನು ಕೂರಿಸಿಕೊಂಡು ಕನ್ನಡದಲ್ಲೇ ಕಥೆ ಹೇಳುತ್ತಾ ಆಡಿ ನೋಡಿ. ಇಷ್ಟವಾದರೆ ಆಮೇಲೆ ಪೆಟ್ಟಿಗೆ ತರಿಸಿಕೊಳ್ಳಿ.