ಒಂಬತ್ತು ದಿನದ ಸಾಹಸ ಶಿಬಿರ: ಮಗಳು ಹೊತ್ತು ತಂದ ಗಂಟು

ಹದಿನೈದರ ಮಗಳು ಸಾಹಸ ಶಿಬಿರ ಮುಗಿಸಿ ಬಂದು ಮೂರು ತಿಂಗಳಾಯಿತು. ಬಂದ ಮರುದಿನವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಈಗ ನಾಲ್ಕು.

ಜಾಹೀರಾತಿನಲ್ಲಿ ‘ನಾಯಕತ್ವ, ಆತ್ಮವಿಶ್ವಾಸ’ ಅಂತೆಲ್ಲ ದಪ್ಪಕ್ಷರದಲ್ಲಿತ್ತು. ನಾಯಕಿಯೇನೂ ಮನೆಗೆ ಬರಲಿಲ್ಲ. ಹಿಮ್ಮಡಿಯಲ್ಲಿ ಬೊಬ್ಬೆ, ತಳ ಹಿಡಿದ ಪಾತ್ರೆ ಉಜ್ಜಿ ಕಪ್ಪಾದ ಉಗುರು, ಇಷ್ಟು ಬಂತು. ಹೊಸ ಶೂ ಬೇಡ, ಎರಡು ವಾರ ಮೊದಲೇ ಹಾಕಿ ಪಳಗಿಸಿ ಅಂತ ಸಾಮಾನಿನ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದ್ದರೆ ಬೊಬ್ಬೆ ತಪ್ಪುತ್ತಿತ್ತು.

ಆದರೆ ಆ ಸಂಜೆಯೇ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ಕಿಟಕಿಯ ಸರಳಿಗೆ ಎಂಟರ ಗಂಟು (ಬಂಡೆ ಹತ್ತುವವರು ಹಾಕುವ, 8ರ ಆಕಾರದ್ದು) ಹಾಕಿದಳು. ಎರಡೆಳೆ ಒಂದರ ಮೇಲೊಂದು ಹತ್ತದೆ ಜೊತೆಜೊತೆಗೆ ಸಾಗಬೇಕು, ಹಗ್ಗದ ಬಾಲ ಗೇಣುದ್ದ ಉಳಿಯಬೇಕು. ಹಾಕಿದವಳೇ ನನ್ನ ಕಡೆ ತಿರುಗಿ, “ಅಮ್ಮಾ, ಚೆಕ್ ಮಾಡು” ಅಂದಳು. ನಾನು ಏನನ್ನಾದರೂ ನೋಡಲು ಹೋದರೆ ಕೈ ಅಡ್ಡ ಇಡುತ್ತಿದ್ದ ಹುಡುಗಿ ಇವಳು! ಬಂಡೆ ಹತ್ತುವಾಗ ಅದೇ ಅಲ್ಲಿನ ನಿಯಮವಂತೆ: ಹತ್ತುವವರ ಗಂಟನ್ನು ಕೆಳಗೆ ಹಗ್ಗ ಹಿಡಿದವರು, ಹಗ್ಗ ಹಿಡಿದವರ ಕ್ಯಾರಬೈನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ) ಲಾಕ್ ಅನ್ನು ಹತ್ತುವವರು ಪ್ರತಿ ಸಲವೂ ನೋಡಲೇಬೇಕು. ಅದರಲ್ಲಿ ಅವಮಾನದ ಮಾತೇ ಇಲ್ಲ.

ಮೂರನೇ ದಿನ ಹಗ್ಗ ಹಿಡಿದು ಇಳಿಯಬೇಕಾದ ಬಂಡೆಯ ಅಂಚಿನಲ್ಲಿ ಇವಳ ಕಾಲು ನಡುಗಿ ನಿಂತೇ ಹೋಯಿತಂತೆ. ತರಬೇತುದಾರ್ತಿ ‘ಏನಾಗಲ್ಲ, ಇಳಿ’ ಅನ್ನಲಿಲ್ಲ. “ವಾಪಸ್ ಬರೋದೂ ಒಂದು ನಿರ್ಧಾರವೇ” ಅಂದರಂತೆ. ಬಂದಳು. ಮರುದಿನ ತಾನಾಗಿಯೇ ಹೋಗಿ ಇಳಿದಳು. ನಾನು ಅಲ್ಲಿದ್ದಿದ್ದರೆ ಆ ಮೂರನೇ ದಿನವೇ ಹುರಿದುಂಬಿಸಿ ಕೆಡಿಸುತ್ತಿದ್ದೆ.

ಆರನೇ ದಿನದ ಕಥೆ ನನಗೆ ಇನ್ನೂ ಇಷ್ಟ. ನಕ್ಷೆಯಲ್ಲಿ ಕಾಂಟೂರ್ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ‘ವಿ’ ಮೊನೆ ಎತ್ತರದ ಕಡೆಗಿದ್ದರೆ ಕಣಿವೆ, ತಗ್ಗಿನ ಕಡೆಗಿದ್ದರೆ ಗುಡ್ಡದ ಏಣು. ಮಕ್ಕಳು ಉಲ್ಟಾ ಓದಿಕೊಂಡು ಏಣಿನ ಮೇಲೆ ನಲವತ್ತು ನಿಮಿಷ ನಡೆದಿದ್ದಾರೆ, ತರಬೇತುದಾರರು ತುಟಿ ಬಿಚ್ಚದೆ ಹಿಂದೆ ಹಿಂದೆ. ತಪ್ಪು ಹಿಡಿದದ್ದು ಕೊನೆಗೆ ಗುಂಪಿನಲ್ಲಿ ಮಾತೇ ಆಡದ ಒಬ್ಬ ಹುಡುಗ. ಹಾಗೆ ಸುಮ್ಮನೆ ನಡೆಯುವುದಕ್ಕೆ ಎಷ್ಟು ಅನುಭವ ಬೇಕು! ನಾವು ದುಡ್ಡು ಕೊಟ್ಟದ್ದು ಅದಕ್ಕೇ ಅಂತ ನನ್ನ ಲೆಕ್ಕ.

ಒಂದು ಸ್ಟಾರ್ ಕಳೆದದ್ದು ಕೊನೆಯ ಸಂಜೆಗೆ. ದಿನಾ ರಾತ್ರಿ ವೃತ್ತವಾಗಿ ಕೂತು ಆ ದಿನ ಆದದ್ದನ್ನು ಮಾತಾಡುತ್ತಿದ್ದರಂತೆ. ಅದೇ ಈ ಶಿಕ್ಷಣದ ಜೀವ. ಇಲ್ಲದಿದ್ದರೆ ಅದು ಬರೀ ಪಿಕ್‌ನಿಕ್. ಕೊನೆಯ ದಿನ ಮಾತ್ರ ಆ ಕೂಟವನ್ನು ಹತ್ತು ನಿಮಿಷಕ್ಕೆ ಮುಗಿಸಿ ಸರ್ಟಿಫಿಕೇಟು, ಗ್ರೂಪ್ ಫೋಟೋ. ಇದನ್ನೆಲ್ಲ ಮನೆಯಲ್ಲಿ, ಶಾಲೆಯಲ್ಲಿ ಹೇಗೆ ಬಳಸ್ತೀಯ ಅಂತ ಯಾರೂ ಕೇಳಲಿಲ್ಲ. ಆಮೇಲೆ ಒಂದು ಫೋನೂ ಇಲ್ಲ.

ಶಿಕ್ಷಣತಜ್ಞ ಕರ್ಟ್ ಹಾನ್ 1941ರಲ್ಲಿ ವೇಲ್ಸ್‌ನ ಅಬರ್ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಅನ್ನುವ ಸಾಹಸ ಶಾಲೆ ಶುರು ಮಾಡಿದಾಗ ಕೋರ್ಸು ಸುಮಾರು ಒಂದು ತಿಂಗಳದ್ದು. 1997ರಲ್ಲಿ ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಸಂಗಡಿಗರು 96 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಇಂಥ ಶಿಬಿರಗಳ ಪರಿಣಾಮ ಮುಗಿದ ಮೇಲೂ ಬೆಳೆಯುತ್ತಾ ಹೋದದ್ದು ಕಂಡಿತ್ತು. ಜೊತೆಗೆ ಶಿಬಿರದಿಂದ ಶಿಬಿರಕ್ಕೆ ಭಾರೀ ವ್ಯತ್ಯಾಸ. ಹೆಚ್ಚು ದಿನ ನಡೆದವುಗಳ ಫಲ ಹೆಚ್ಚು. ಒಂಬತ್ತು ದಿನದ್ದನ್ನು ನಡೆಸುವವರು ಕೊನೆಯ ಸಂಜೆಯನ್ನು ಫೋಟೋಗೆ ಬಿಟ್ಟುಕೊಟ್ಟರೆ ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಸೇರಿಸುವ ಮೊದಲು ಬಂಡೆ ಎಷ್ಟೆತ್ತರ ಅಂತ ಕೇಳಬೇಡಿ. ಎಷ್ಟು ಮಕ್ಕಳಿಗೆ ಎಷ್ಟು ತರಬೇತುದಾರರು, ರಾತ್ರಿ ಕೂತು ಮಾತಾಡಿಸುವವರು ಯಾರು ಅಂತ ಕೇಳಿ. ನಮ್ಮಲ್ಲಿ ಹನ್ನೆರಡು ಮಕ್ಕಳಿಗೆ ಇಬ್ಬರಿದ್ದರು.

ಬರುವ ವರ್ಷ ಇಪ್ಪತ್ತೊಂದು ದಿನದ್ದಕ್ಕೆ ಹೋಗ್ತಾಳಂತೆ. ಶೂ ಈಗಲೇ ತಂದಾಯಿತು, ದಿನಾ ಸಂಜೆ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ.