ಬ್ಲಾಸ್ಟಿಂಗ್ ಕ್ಯಾಬಿನೆಟ್: ಒಳಗೆ ಕಾಣದಿದ್ದರೆ ಕೆಲಸ ಹೇಗೆ ಮಾಡೋದು?

ಮೇಜಿನ ಮೇಲೆ ಕೂರುವ ಬ್ಲಾಸ್ಟಿಂಗ್ ಕ್ಯಾಬಿನೆಟ್ ಒಂದನ್ನು ಕೆಲವು ವರ್ಷಗಳಿಂದ ಮನೆಯ ವರ್ಕ್‌ಶಾಪಿನಲ್ಲಿ ಬಳಸುತ್ತಿದ್ದೇನೆ. ಇದೊಂದು ಮುಚ್ಚಿದ ಪೆಟ್ಟಿಗೆ. ಅದಕ್ಕೇ ಜೋಡಿಸಿದ ಗ್ಲೌಸ್‌ಗಳಲ್ಲಿ ಕೈ ಹಾಕಿ, ಗಾಜಿನ ಮೂಲಕ ನೋಡುತ್ತಾ, ಕಂಪ್ರೆಸರ್ ಗಾಳಿಯಿಂದ ಗ್ರಿಟ್ (ಸಣ್ಣ ಗಟ್ಟಿ ಕಣಗಳು) ಚಿಮ್ಮಿಸುವ ಗನ್ ಹಿಡಿದು ಲೋಹದ ಮೈ ಸ್ವಚ್ಛ ಮಾಡುವುದು. ತುಕ್ಕು ಹಿಡಿದ ಹಳೆ ಉಪಕರಣ, ಬೈಕಿನ ಸಣ್ಣಪುಟ್ಟ ಭಾಗ, ಇಷ್ಟೇ ನನ್ನ ಕೆಲಸ. ದೂರು ಒಂದೇ, ಆದರೆ ದೊಡ್ಡದು. ಪೆಟ್ಟಿಗೆ ಬಂದ ಹಾಗೇ ಬಳಸಿದರೆ ಒಳಗೆ ಏನೂ ಕಾಣುವುದಿಲ್ಲ.

ಗನ್ ಒತ್ತಿದ ಸ್ವಲ್ಪ ಹೊತ್ತಿಗೇ ಎಲ್ಲ ಧೂಳುಮಯ. ಕೈಯಲ್ಲಿರುವ ಸ್ಪ್ಯಾನರ್ರೇ ಕಣ್ಣಿಗೆ ಬೀಳಲ್ಲ. ನಿಲ್ಲಿಸಬೇಕು, ಧೂಳು ಕೂರುವವರೆಗೆ ಕಾಯಬೇಕು, ಮತ್ತೆ ಶುರು ಮಾಡಬೇಕು. ಒಳಗೆ ಇನ್ನೂ ಪ್ರಖರವಾದ ಲೈಟ್ ಹಾಕಿದರೂ ಉಪಯೋಗವಿಲ್ಲ. ಬೆಳಕು ಧೂಳಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ.

ಗ್ರಿಟ್ ಲೋಹಕ್ಕೆ ಬಡಿದಾಗ ತಾನೂ ಒಡೆಯುತ್ತದೆ. ತುಕ್ಕು, ಬಣ್ಣ ಎಲ್ಲ ಪುಡಿಯಾಗಿ ಅದರ ಜೊತೆ ಸೇರುತ್ತವೆ. ಇನ್ನೊಂದು ಕಡೆ ಕಂಪ್ರೆಸರ್ ಒಂದೇ ಸಮನೆ ಗಾಳಿ ತುಂಬುತ್ತಿರುತ್ತದೆ. ಒಳಗೆ ಹೋದ ಗಾಳಿ ಹೊರಗೆ ಬರಲೇಬೇಕಲ್ವಾ? ಅದಕ್ಕೆ ಕೊಟ್ಟಿದ್ದು ತೆಳು ಬಟ್ಟೆ ಕಟ್ಟಿದ ಒಂದು ತೂತು. ಬಟ್ಟೆ ಬೇಗ ಕಟ್ಟಿಕೊಳ್ಳುತ್ತದೆ. ಆಮೇಲೆ ಗಾಳಿ ಬಾಗಿಲ ಸಂದಿಯಿಂದ, ಗ್ಲೌಸ್ ಜೋಡಿಸಿದ ಅಂಚಿನಿಂದ ನುಗ್ಗುತ್ತದೆ, ಧೂಳನ್ನೂ ಹೊತ್ತುಕೊಂಡು. ಹೊಸ ಪೆಟ್ಟಿಗೆಯ ಪಕ್ಕದಲ್ಲಿ ಮಾಸ್ಕ್ ಹಾಕಿಕೊಂಡು ನಿಲ್ಲಬೇಕಾದಾಗ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಈಗ ಆ ತೂತಿಗೆ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದ್ದೇನೆ. ಮಧ್ಯೆ ಒಂದು ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಕಣಗಳನ್ನು ಬೇರ್ಪಡಿಸುವ ಸಾಧನ) ಇದೆ. ಭಾರದ ಕಣಗಳೆಲ್ಲ ಅದರ ಡಬ್ಬಿಗೆ ಬೀಳುತ್ತವೆ, ನುಣ್ಣನೆ ಧೂಳು ಮಾತ್ರ ಫಿಲ್ಟರ್ ತನಕ ಹೋಗುತ್ತದೆ. ಫಿಲ್ಟರ್ ಹೆಪಾ (ಅತಿ ಸಣ್ಣ ಧೂಳನ್ನೂ ಹಿಡಿಯುವಂಥದ್ದು) ಆಗಿರಲಿ. ಸಾಧಾರಣ ಚೀಲ ಹಾಕಿದರೆ ಅತಿ ಸಣ್ಣ ಧೂಳು ಅದರ ಮೂಲಕವೇ ಕೋಣೆಗೆ ಬರುತ್ತದೆ. ಹೀರುವ ಬಾಯಿಯ ಮುಂದೆ ಒಂದು ತಗಡಿನ ಅಡ್ಡ ಪಟ್ಟಿ ಬೇಕು. ಇಲ್ಲದಿದ್ದರೆ ಒಳ್ಳೆ ಗ್ರಿಟ್ ಕೂಡ ಹೋಗಿಬಿಡುತ್ತದೆ. ಎದುರು ಬದಿಯಲ್ಲಿ ಗಾಳಿ ಒಳಬರಲು ದಾರಿ ಇರುವುದೂ ಅಷ್ಟೇ ಮುಖ್ಯ. ಬರೀ ಹೀರುತ್ತಾ ಇದ್ದರೆ ಗ್ಲೌಸ್ ಒಳಗೆ ಉಬ್ಬಿಕೊಂಡು ಬೆರಳು ಮಡಚುವುದೇ ಕಷ್ಟ. ದಾರಿ ಕೊಟ್ಟ ಮೇಲೆ ಗಾಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿಯುತ್ತದೆ, ನೋಟ ತಿಳಿಯಾಗಿರುತ್ತದೆ.

ಅಲ್ಲಿಂದ ಈ ಪೆಟ್ಟಿಗೆ ನನಗೆ ಇಷ್ಟವಾಗತೊಡಗಿತು. ಕಪ್ಪಾಗಿ ಹೋದ ಅಲ್ಯೂಮಿನಿಯಂ ಕವರ್ ಒಂದನ್ನು 40ರಿಂದ 50 ಪಿಎಸ್‌ಐ ಒತ್ತಡದಲ್ಲಿ ಗ್ಲಾಸ್ ಬೀಡ್‌ನಿಂದ (ಪುಟ್ಟ ಗಾಜಿನ ಗುಂಡುಗಳಿಂದ) ಸವರುತ್ತಾ ಹೋದರೆ, ಗನ್ ಹೋದ ದಾರಿಯಲ್ಲೇ ತಿಳಿ ಬೂದು ಹೊಳಪು ಮೂಡುತ್ತದೆ. ಬೀಡ್ ಗುಂಡಗಿರುವುದರಿಂದ ಲೋಹವನ್ನು ಕೆರೆಯುವುದಿಲ್ಲ, ಸುಮ್ನೆ ತಟ್ಟುತ್ತದೆ. ಇದನ್ನು ಕಣ್ಣಾರೆ ನೋಡುವ ಖುಷಿಯೇ ಬೇರೆ. ದಪ್ಪ ತುಕ್ಕಿಗೆ ಮಾತ್ರ ಅಲ್ಯೂಮಿನಿಯಂ ಆಕ್ಸೈಡ್ ಬೇಕು. ಅದು ಚೂಪು, ಕತ್ತರಿಸುತ್ತದೆ. ಅದು ಬಿಟ್ಟುಹೋಗುವ ಒರಟು ಮೈಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಆವತ್ತೇ ಪ್ರೈಮರ್ ಹಚ್ಚಿ. ಬೆತ್ತಲೆ ಕಬ್ಬಿಣಕ್ಕೆ ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ತುಕ್ಕು ಹತ್ತುತ್ತದೆ.

"ಮರಳು ಹಾಕಿದರೆ ಸಾಲದಾ?" ಎಂದು ಕೇಳುವವರು ಇದ್ದಾರೆ. ಬೇಡವೇ ಬೇಡ. ಮರಳಿನ ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ. ಅದು ವಾಸಿಯಾಗದ ಶ್ವಾಸಕೋಶದ ರೋಗ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ ಈ ಕೆಲಸಕ್ಕೆ ಮರಳು ನಿಷೇಧಿಸಿ ಎಂದು 1974ರಲ್ಲೇ ಶಿಫಾರಸು ಮಾಡಿತ್ತು. ಪೆಟ್ಟಿಗೆ ಮುಚ್ಚಿದೆ ಅಂತ ಧೈರ್ಯ ಮಾಡಬೇಡಿ, ಸೋರುವುದನ್ನು ಮೇಲೆ ಹೇಳಿದೆನಲ್ಲ.

ಕೆಲಸಕ್ಕೆ ಮುಂಚೆ ನನ್ನದೊಂದು ಕ್ರಮವಿದೆ. ಮೊದಲು ಕಂಪ್ರೆಸರ್ ಟ್ಯಾಂಕಿನ ಕೆಳಗಿನ ವಾಲ್ವ್ ತಿರುಗಿಸಿ ನೀರು ಬಿಡುತ್ತೇನೆ. ಆಮೇಲೆ ಕ್ಯಾಬಿನೆಟ್ ಹತ್ತಿರದ ವಾಟರ್ ಟ್ರ್ಯಾಪ್. ಬಿಸಿ ಗಾಳಿ ಪೈಪಿನಲ್ಲಿ ತಣ್ಣಗಾದ ಮೇಲೆಯೇ ನೀರು ಬೇರ್ಪಡುವುದು, ಹಾಗಾಗಿ ಟ್ರ್ಯಾಪ್ ಕಂಪ್ರೆಸರ್ ಪಕ್ಕದಲ್ಲಿದ್ದರೆ ಜಾಸ್ತಿ ಪ್ರಯೋಜನವಿಲ್ಲ. ತೇವ ಒಳಗೆ ಹೋದರೆ ಗ್ರಿಟ್ ಉಪ್ಪಿನ ಹಾಗೆ ಗಂಟು ಕಟ್ಟುತ್ತದೆ, ಗನ್ ಕೆಮ್ಮತೊಡಗುತ್ತದೆ. ಆಮೇಲೆ ಗ್ರಿಟ್ ಜರಡಿ ಹಿಡಿಯುವುದು. ಬಣ್ಣದ ಚಕ್ಕೆ, ಯಾವುದೋ ವಾಷರ್, ಎಲ್ಲ ಜರಡಿಯಲ್ಲೇ ಉಳಿಯುತ್ತವೆ. ಕೊನೆಗೆ ಗಾಜಿನ ಒಳಬದಿಯ ಪ್ಲಾಸ್ಟಿಕ್ ಹಾಳೆ. ಮಂಜಾಗಿದ್ದರೆ ಕಿತ್ತು ಹೊಸದು ಅಂಟಿಸುತ್ತೇನೆ. ಹಾಳೆ ಸವೆದರೆ ಸವೆಯಲಿ, ಗಾಜು ಉಳಿಯುತ್ತದೆ.

ಕೊಳ್ಳುವವರಿಗೆ ನನ್ನ ಮಾತು: ಕ್ಯಾಬಿನೆಟ್‌ಗೆ ಕಡಿಮೆ ಖರ್ಚು ಮಾಡಿ, ಉಳಿದ ಹಣ ಕಂಪ್ರೆಸರ್ ಮತ್ತು ವ್ಯಾಕ್ಯೂಮ್‌ಗೆ ಇಡಿ. ತಗಡಿನ ಪೆಟ್ಟಿಗೆಯ ಸಂದಿಗಳನ್ನು ಸಿಲಿಕೋನ್, ಫೋಮ್ ಪಟ್ಟಿ ಹಾಕಿ ಮುಚ್ಚಬಹುದು. ಗಾಳಿ ಸಾಲದಿದ್ದರೆ ಏನು ಮಾಡಿದರೂ ಆಗಲ್ಲ. ನನ್ನದು ಚಿಕ್ಕ ಕಂಪ್ರೆಸರ್, ಆದ್ದರಿಂದ ಸಣ್ಣ ನಾಜಲ್ (ಗನ್ನಿನ ತುದಿಯ ಕೊಳವೆ) ಹಾಕಿ ತಡೆದು ತಡೆದು ಕೆಲಸ ಮಾಡುತ್ತೇನೆ. ನಾಜಲ್ ಸವೆತದ ಮೇಲೂ ಕಣ್ಣಿಟ್ಟಿರಿ. 5 ಮಿಲಿಮೀಟರ್ ತೂತು 6 ಆದರೆ ಅದರ ವಿಸ್ತೀರ್ಣ 44% ಹೆಚ್ಚುತ್ತದೆ, ಅದೇ ಒತ್ತಡ ಉಳಿಸಿಕೊಳ್ಳಲು ಬೇಕಾಗುವ ಗಾಳಿಯೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಸೆರಾಮಿಕ್ ನಾಜಲ್ ಬೇಗ ಸವೆಯುತ್ತದೆ. ಬೋರಾನ್ ಕಾರ್ಬೈಡ್ ದುಬಾರಿಯಾದರೂ ತುಂಬಾ ಕಾಲ ಬರುತ್ತದೆ, ನಾನು ಅದಕ್ಕೇ ಬದಲಾಯಿಸಿದ್ದೇನೆ.

ಎಣ್ಣೆ ಜಿಡ್ಡಿನ ಭಾಗಗಳನ್ನು ತೊಳೆದು ಒಣಗಿಸದೆ ಒಳಗಿಡಬೇಡಿ, ಇಡೀ ಗ್ರಿಟ್ ಹಾಳಾಗುತ್ತದೆ. ಎಂಜಿನ್ನಿನಲ್ಲಿ ಎಣ್ಣೆ ಹರಿಯುವ ದಾರಿಗಳಿರುವ ಭಾಗಗಳನ್ನಂತೂ ನಾನು ಹಾಕುವುದೇ ಇಲ್ಲ. ಆ ಸಣ್ಣ ತೂತುಗಳಲ್ಲಿ ಸಿಕ್ಕಿಕೊಂಡ ಬೀಡ್ ಎಷ್ಟು ತೊಳೆದರೂ ಪೂರ್ತಿ ಹೋಯಿತು ಎಂದು ಹೇಳಲಾಗದು, ಬೇರಿಂಗ್ ಕೆಡಿಸಲು ಉಳಿದ ಅಷ್ಟೇ ಸಾಕು.