ಉಸಿರಾಟಕ್ಕೆ ನೆರವಾಗೋ ಬೈಪ್ಯಾಪ್ ಮಷೀನ್ ಚೆನ್ನಾಗಿದೆ, ಆದ್ರೆ ಮಾಸ್ಕ್ ನೋಡಿ ತಗೊಳ್ಳಿ

ನಮ್ಮಣ್ಣ ಅಡಿಕೆ ಮರದಿಂದ ಬಿದ್ದು ಕುತ್ತಿಗೆ ಹತ್ರ ಸಿ5 (ಕುತ್ತಿಗೆಯ ಐದನೇ ಮೂಳೆ) ಲೆವೆಲ್‌ನಲ್ಲಿ ಸ್ಪೈನಲ್ ಕಾರ್ಡ್‌ಗೆ, ಅಂದ್ರೆ ಬೆನ್ನುಹುರಿಗೆ ಪೆಟ್ಟಾಗಿದೆ, ಭುಜ ಆಡುತ್ತೆ, ಬೆರಳು ಆಡಲ್ಲ. ಮನೆಗೆ ಬಂದ್ಮೇಲೆ ರಾತ್ರಿಯೆಲ್ಲ ಗೊರಕೆ, ನಡುನಡುವೆ ಉಸಿರು ನಿಂತು ಗಕ್ಕನೆ ಎಚ್ಚರ ಆಗೋದು, ಬೆಳಿಗ್ಗೆ ತಲೆನೋವು, ಮಧ್ಯಾಹ್ನ ಮಾತಾಡ್ತಾ ಮಾತಾಡ್ತಾನೇ ತೂಕಡಿಕೆ. ಸ್ಲೀಪ್ ಸ್ಟಡಿಲಿ ಆಪ್ನಿಯಾ (ನಿದ್ದೇಲಿ ಉಸಿರು ನಿಂತು ನಿಂತು ಬರೋದು) ಇದೆ, ಜೊತೆಗೆ ರಾತ್ರಿ ಕಾರ್ಬನ್ ಡೈಆಕ್ಸೈಡ್ ಏರ್ತಿದೆ ಅಂತ ಬಂತು. ಪೆಟ್ಟಾದ ಜಾಗದಿಂದ ಕೆಳಗೆ ಪಕ್ಕೆಲುಬು, ಹೊಟ್ಟೆ ಸ್ನಾಯು ಯಾವುದೂ ಕೆಲಸ ಮಾಡಲ್ಲ, ಡಯಾಫ್ರಮ್ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಒಂದೇ ಎಳೀಬೇಕು, ನಿದ್ದೇಲಿ ಅದೂ ಸಾಲಲ್ಲ. ಬರೀ ಆಕ್ಸಿಜನ್ ಕೊಟ್ರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರ್ಬಹುದು ಅಂದ್ರು ಡಾಕ್ಟ್ರು. ಸಿಪ್ಯಾಪ್, ಬೈಪ್ಯಾಪ್ ಎರಡೂ ಮಾಸ್ಕ್ ಮೂಲಕ ಗಾಳಿ ಒತ್ತಿ ಕೊಡೋ ಮಷೀನ್‌ಗಳೇ; ಸಿಪ್ಯಾಪ್‌ನಲ್ಲಿ ಒಂದೇ ಪ್ರೆಷರ್, ಬೈಪ್ಯಾಪ್ ಉಸಿರು ಎಳೆಯುವಾಗ ಜಾಸ್ತಿ ಬಿಡುವಾಗ ಕಮ್ಮಿ ಕೊಡುತ್ತೆ, ಅದ್ರಲ್ಲೂ ಬ್ಯಾಕಪ್ ರೇಟ್ (ತಾನಾಗಿ ಉಸಿರು ಎಳೀದಿದ್ರೆ ಮಷೀನೇ ಉಸಿರು ಕೊಡೋದು) ಇರೋ ಎಸ್‌ಟಿ ಮೋಡ್‌ದೇ ತಗೊಳ್ಳಿ ಅಂತ ಬರೆದುಕೊಟ್ರು.

ಮಷೀನ್ ಬಗ್ಗೆ ಹೇಳೋದಾದ್ರೆ ತುಂಬಾ ಖುಷಿ ಇದೆ. ಬೆಳಗಿನ ತಲೆನೋವು ಹೋಯ್ತು, ಈಗ ಮಧ್ಯಾಹ್ನ ಕೂತು ಪೇಪರ್ ಪೂರ್ತಿ ಓದ್ತಾನೆ.

ಮಾಸ್ಕ್ ವಿಷಯಕ್ಕೆ ಮಾತ್ರ ನಂಗೆ ಇನ್ನೂ ಕೋಪ ಇದೆ. ಡೀಲರ್ ಕಡೆಯವರು ಪೇಷಂಟ್ ಕೈ ಆಡುತ್ತಾ ಅಂತ ಒಂದು ಮಾತು ಕೇಳ್ದೆ ಮೂಗು ಬಾಯಿ ಎರಡೂ ಮುಚ್ಚೋ ಫುಲ್ ಫೇಸ್ ಮಾಸ್ಕ್ ಹಾಕಿ ಹೋದ್ರು. ರಾತ್ರಿ ವಾಂತಿ ಬಂದ್ರೆ ಇವ್ನು ಅದನ್ನ ಹೇಗೆ ಕೀಳ್ತಾನೆ? ವಾಂತಿ ಒಳಗೇ ಉಳಿದು ಶ್ವಾಸಕೋಶಕ್ಕೆ ಹೋಗ್ಬಿಡಬಹುದು. ಫಿಸಿಯೋ ಮೇಡಂ ನೋಡಿ ತಕ್ಷಣ ಬದಲಾಯಿಸಿ ಅಂದ್ರು, ಡಾಕ್ಟ್ರನ್ನ ಕೇಳಿ ಮೂಗಿಗೆ ಮಾತ್ರ ಹಾಕೋ ನೇಸಲ್ ಮಾಸ್ಕ್, ಜೊತೆಗೆ ಗದ್ದ ಎತ್ತಿ ಹಿಡಿಯೋ ಚಿನ್ ಸ್ಟ್ರಾಪ್‌ಗೆ ಬಂದ್ವಿ. ಬಾಯಿ ಖಾಲಿ ಇರೋದ್ರಿಂದ ರಾತ್ರಿ ಕೂಗಿ ಕರೆಯೋಕೂ ಆಗುತ್ತೆ. ಮೂಗಿನ ಮೇಲೆ ಕೆಂಪಗಾಗುತ್ತೆ, ಪಟ್ಟಿ ಒಂಚೂರು ಸಡಿಲ ಬಿಟ್ರೆ ಸರಿ ಹೋಗುತ್ತೆ.

ಇನ್ನೊಂದು, ಈ ಮಷೀನ್ ಕಫ ತೆಗೆಯಲ್ಲ. ಮಲಗೋ ಮುಂಚೆ ಅವ್ನು ಕೆಮ್ಮುವಾಗ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು ಒಳಗೂ ಮೇಲಕ್ಕೂ ಒಟ್ಟಿಗೆ ಒತ್ತಿ ಕಫ ಹೊರಗೆ ತರಿಸ್ತೀವಿ, ಫಿಸಿಯೋ ಹತ್ರ ಕಲಿತೇ ಮಾಡ್ಬೇಕು.

ನಮ್ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಹೋಯ್ತು, ಇನ್ವರ್ಟರ್ ಇಲ್ದೆ ಈ ಮಷೀನ್ ತಗೋಬೇಡಿ. ಗಾಳಿಗೆ ತೇವ ಕೊಡೋ ಹ್ಯೂಮಿಡಿಫೈಯರ್‌ನ ಹೀಟರ್ ಆಫ್ ಮಾಡಿದ್ರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತೆ. ಸಾಧ್ಯ ಆದ್ರೆ ಮೊದ್ಲು ಬಾಡಿಗೆಗೆ ತಂದು, ಮಾಸ್ಕ್ ಹೊಂದುತ್ತಾ ನೋಡಿ, ಆಮೇಲೆ ದುಡ್ಡು ಹಾಕಿ.